ಪಾರ್ಕ್ ಉಳಿದರೆ ಬಡಾವಣೆಯ ಆರೋಗ್ಯವೂ ಉಳಿದೀತು

ಬಡಾವಣೆಯ ಖಾಲಿ ಜಾಗದಲ್ಲಿ ಆಸ್ಪತ್ರೆ ಕಟ್ಟುತ್ತೇವೆಂದು ಯಾರಾದರೂ ಮುಂದೆ ಬಂದರೆ ಬೇಡ ಎನ್ನುವವರು ಯಾರು? ಆಸ್ಪತ್ರೆ ಎಲ್ಲರಿಗೂ ಬೇಕಾದುದೇ. ಆದರೆ ಆ ಜಾಗ ಪಾರ್ಕಿಗೆಂದು ಮೀಸಲಿಟ್ಟದ್ದಾಗಿದ್ದರೆ?

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ನಿವಾಸಿಗಳ ಮುಂದೆ ಈ ಪ್ರಶ್ನೆ ನಿಜವಾಗಿಯೂ ಬಂದಿತ್ತು. ಬಡಾವಣೆಯ ಯೋಜನೆಯಲ್ಲಿ ಪಾರ್ಕ್ ಎಂದು ಗುರುತಿಸಿದ್ದ ಜಾಗವನ್ನು 1976ರಲ್ಲಿ ಸರಕಾರದ ಆದೇಶದಂತೆ ನರ್ಸಿಂಗ್ ಹೋಮ್ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಹಂಚಲಾಯಿತು. ನಿವಾಸಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಆಸ್ಪತ್ರೆಯೂ ಒಂದು ನಾಗರಿಕ ಸೌಲಭ್ಯವೇ ಎಂಬ ಕಾರಣಕ್ಕೆ ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು. ಅವರು ಸುಮ್ಮನಾಗಲಿಲ್ಲ, ಮೇಲ್ಮನವಿ ಸಲ್ಲಿಸಿದರು. ವಿಭಾಗೀಯ ಪೀಠ ಅವರ ಪರವಾಗಿ ತೀರ್ಪಿತ್ತಿತು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮೇಲ್ಮನವಿಯನ್ನು ವಜಾ ಮಾಡಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ’ ಎಂಬ ಹೆಸರಿನ ಆ ತೀರ್ಪನ್ನು ದೇಶದ ನಾನಾ ಕಡೆ ಪಾರ್ಕ್‌ಗಳ ಪರ ವಾದಿಸುವವರು ಇಂದಿಗೂ ಉಲ್ಲೇಖಿಸುತ್ತಾರೆ.

ತೀರ್ಪಿನ ಸಾರ ಸರಳವಾಗಿದೆ. ಮಕ್ಕಳಿಗೆ ಆಟದ ಬಯಲು, ಹಿರಿಯರಿಗೆ ಅಡ್ಡಾಡುವ ಜಾಗ, ಎಲ್ಲರಿಗೂ ಶುದ್ಧ ಗಾಳಿ ಸಿಗುವುದು ಸಾರ್ವಜನಿಕ ಹಿತದ ವಿಷಯ. ಒಮ್ಮೆ ಪಾರ್ಕಿಗೆಂದು ಮೀಸಲಿಟ್ಟ ಮೇಲೆ ಆ ಜಾಗವನ್ನು ಅಧಿಕಾರದಲ್ಲಿರುವವರು ತಮ್ಮ ಇಷ್ಟದಂತೆ ಬೇರೆಯವರಿಗೆ ಕೊಡುವಂತಿಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗಿದೆ.

ರೋಗ ಬಂದ ಮೇಲೆ ನಾವು ಹೋಗುವುದು ಆಸ್ಪತ್ರೆಗೆ. ಆದರೆ ಎಷ್ಟೋ ರೋಗಗಳು ಬಾರದಂತೆ ನೋಡಿಕೊಳ್ಳಲು ಬೇಕಾದದ್ದು ನಡೆಯಲು, ಆಡಲು, ಉಸಿರಾಡಲು ಒಂದಿಷ್ಟು ಜಾಗ.

ದೇಹಕ್ಕೆ ಏನು ಲಾಭ?

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕು, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬಗ್ಗಿಸಿ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ 5 ದಿನ ಬಿರುಸಾಗಿ ನಡೆದರೆ ದೊಡ್ಡವರ ಲೆಕ್ಕ ಮುಗಿಯಿತು. ಮಧುಮೇಹ, ರಕ್ತದೊತ್ತಡ, ಬೊಜ್ಜು ನಿಯಂತ್ರಣದಲ್ಲಿರಲು ಇಷ್ಟು ನಡಿಗೆ ಬಹಳ ಸಹಾಯ ಮಾಡುತ್ತದೆ. ಇದಕ್ಕೆ ಜಿಮ್ ಶುಲ್ಕ ಬೇಕಿಲ್ಲ, ಸುರಕ್ಷಿತವಾದ ದಾರಿ ಇದ್ದರೆ ಸಾಕು.

‘ಇಡೀ ದಿನ ಮನೆಗೆಲಸ ಮಾಡುತ್ತೇವಲ್ಲ, ಮತ್ತೆ ನಡಿಗೆ ಯಾಕೆ?’ ಎಂದು ಕೇಳುವ ಗೃಹಿಣಿಯರಿದ್ದಾರೆ. ಮನೆಗೆಲಸದಿಂದ ಆಯಾಸವಾಗುವುದು ನಿಜ. ಆದರೆ ಒಂದೇ ಕಡೆ ನಿಂತು ಮಾಡುವ ಅಡುಗೆಯಿಂದ ಹೃದಯ, ಶ್ವಾಸಕೋಶಗಳಿಗೆ ಬಿರುಸಿನ ನಡಿಗೆಯಷ್ಟು ವ್ಯಾಯಾಮ ಸಿಗುವುದಿಲ್ಲ. ತೆರೆದ ಬೆಳಕು, ನೆರೆಯವರೊಂದಿಗೆ ಎರಡು ಮಾತು, ಮನಸ್ಸಿನ ಭಾರ ಇಳಿಯುವುದು ಇವೆಲ್ಲ ನಡಿಗೆಯ ಜೊತೆ ಬರುವ ಲಾಭಗಳು.

ಮರಗಳ ನೆರಳು ಬೇಸಿಗೆಯ ಧಗೆಯನ್ನು ತಗ್ಗಿಸುತ್ತದೆ. ಮಣ್ಣಿನ ನೆಲ ಮಳೆನೀರನ್ನು ಕುಡಿದು ಅಂತರ್ಜಲಕ್ಕೆ ಸೇರಿಸುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರಿನ ದಾರಿ ಕಾದದ್ದು ನಮಗೆಲ್ಲ ನೆನಪಿದೆ.

ಎಲ್ಲವೂ ಅಭಿವೃದ್ಧಿಯಲ್ಲ

ಪಾರ್ಕಿಗೆ ಅನುದಾನ ಬಂತೆಂದರೆ ಮೊದಲು ಬರುವುದು ಸಿಮೆಂಟ್. ನೆಲಕ್ಕೆಲ್ಲ ಇಂಟರ್‌ಲಾಕ್, ಮರದ ಬುಡಕ್ಕೆ ಕಟ್ಟೆ, ನಡುವೆ ಒಂದು ಕಾರಂಜಿ. ಕೆಲವು ತಿಂಗಳಲ್ಲಿ ಕಾರಂಜಿ ಕೆಡುತ್ತದೆ, ಅದರ ತೊಟ್ಟಿಯಲ್ಲಿ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ನೀರೇ. ಅದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ ಕಚ್ಚುತ್ತದೆ. ಅಂದರೆ ಮಕ್ಕಳು ಆಡುವ ಹೊತ್ತಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ, ಹಳೆಯ ಟಯರು, ಬೊಂಡದ ಚಿಪ್ಪು, ಪ್ಲಾಸ್ಟಿಕ್ ಲೋಟಗಳಲ್ಲಿನ ನೀರನ್ನು ಚೆಲ್ಲಿದರೆ ಸೊಳ್ಳೆಯ ಸಂತತಿ ಅಲ್ಲಿಗೇ ನಿಲ್ಲುತ್ತದೆ.

ಉದುರಿದ ಎಲೆಗಳನ್ನು ರಾಶಿ ಹಾಕಿ ಬೆಂಕಿ ಕೊಡುವುದು ಇನ್ನೊಂದು ಕೆಟ್ಟ ರೂಢಿ. ಬಯಲಿನಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ನಿಷೇಧಿಸಿವೆ. ಎಲೆಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ನೇರ ಶ್ವಾಸಕೋಶಕ್ಕಿಳಿಯುತ್ತವೆ. ಅಸ್ತಮಾ ಇರುವವರಿಗೆ, ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ ಅದು ಹೆಚ್ಚು ಅಪಾಯಕಾರಿ. ಪಾರ್ಕಿನ ಮೂಲೆಯಲ್ಲಿ ಒಂದು ಗುಂಡಿ ತೋಡಿಯೋ ಬಲೆಯ ಬುಟ್ಟಿ ನಿಲ್ಲಿಸಿಯೋ ಎಲೆಗಳನ್ನು ತುಂಬಿ, ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಅದೇ ಗೊಬ್ಬರವಾಗುತ್ತದೆ.

ಹಾಗಾಗಿ ಕಾಮಗಾರಿ ಆರಂಭವಾಗುವ ಮೊದಲೇ ನಿವಾಸಿಗಳು ಅದರ ನಕ್ಷೆಯನ್ನು ನೋಡಬೇಕು. ನಡಿಗೆಯ ದಾರಿ ಬಿಟ್ಟು ಉಳಿದ ನೆಲ ಮಣ್ಣಾಗಿಯೇ ಇರಲಿ, ಮರದ ಬುಡದ ಸುತ್ತ ಕನಿಷ್ಠ 1 ಮೀಟರ್ ಜಾಗಕ್ಕೆ ಸಿಮೆಂಟ್ ತಾಗದಿರಲಿ ಎಂದು ಕೇಳಬೇಕು. ದುಬಾರಿ ಕಾರಂಜಿಗಿಂತ ದೀಪ, ಬೆಂಚು, ಕುಡಿಯುವ ನೀರು, ಶುಚಿಯಾದ ಶೌಚಾಲಯ ಮುಖ್ಯ.

ಸಂಘ ಮಾಡಬಹುದಾದದ್ದು

ಒಬ್ಬರೇ ಹೋದರೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ. 50 ಮನೆಯವರ ಸಹಿಯಿದ್ದರೆ ಕಡತ ಅಲುಗುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘವೊಂದನ್ನು ನೋಂದಾಯಿಸಲು 7 ಮಂದಿ ಸಾಕು. ಆ ಬಳಿಕ ಹೀಗೆ ಮುಂದುವರಿಯಬಹುದು:

* ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿ ಪಡೆಯಿರಿ. ಯಾವುದು ಪಾರ್ಕ್, ಯಾವುದು ನಾಗರಿಕ ಸೌಲಭ್ಯದ ನಿವೇಶನ, ರಾಜಕಾಲುವೆ ಎಲ್ಲಿದೆ ಎಂದು ಗುರುತಿಸಿ. ನಕ್ಷೆ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಕೊಡಬೇಕು.
* ಕಾನೂನನ್ನು ತಿಳಿದಿರಿ. ಪಾರ್ಕ್, ಆಟದ ಬಯಲು ಮತ್ತು ತೆರೆದ ಜಾಗಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಪಾರ್ಕಿಗೆ ಮೀಸಲಾದ ಜಾಗವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬೇರೆ ಉದ್ದೇಶಕ್ಕೆ ಕೊಟ್ಟರೆ ಅದು ಅಸಿಂಧು ಎಂದು ಪ್ರಾಧಿಕಾರದ ಕಾಯ್ದೆಯೇ ಹೇಳುತ್ತದೆ. ಮರ ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಡಲಿ ಹಿಡಿದು ಬಂದವರಲ್ಲಿ ಮೊದಲು ಆ ಪತ್ರ ಕೇಳಿ.
* ದೂರನ್ನು ಬರಹದಲ್ಲೇ ಕೊಡಿ, ಸ್ವೀಕೃತಿ ಪಡೆಯಿರಿ, ದಿನಾಂಕ ಕಾಣುವಂತೆ ಫೋಟೋ ಇಟ್ಟುಕೊಳ್ಳಿ. ವಾರ್ಡ್ ಸಮಿತಿಯ ಸಭೆಗೆ ತಪ್ಪದೆ ಹೋಗಿ.
* ತಿಂಗಳಿಗೊಮ್ಮೆ ಎಲ್ಲರೂ ಸೇರಿ ಪಾರ್ಕನ್ನು ಶುಚಿ ಮಾಡಿ. ನಾವೇ ಕಸ ಎಸೆಯುವ ಜಾಗದ ಬಗ್ಗೆ ಇತರರನ್ನು ಪ್ರಶ್ನಿಸಿದರೆ ಬೆಲೆ ಇರುವುದಿಲ್ಲ.

ಪಾರ್ಕ್ ಯಾರದು?

ಎಷ್ಟೋ ಕಡೆ ನಿವಾಸಿಗಳ ಸಂಘವೆಂದರೆ ಸ್ವಂತ ಮನೆಯಿರುವ ಗಂಡಸರ ಸಂಘವಾಗಿಬಿಟ್ಟಿದೆ. ಬಾಡಿಗೆದಾರರಿಗೆ ಅಲ್ಲಿ ಮಾತಿಲ್ಲ. ಪಕ್ಕದ ಮೊಹಲ್ಲಾದ ಇಕ್ಕಟ್ಟಿನ ಮನೆಗಳ ಮಕ್ಕಳು ಚೆಂಡು ಹಿಡಿದು ಬಂದರೆ ಗದರಿಸಿ ಕಳಿಸುತ್ತಾರೆ. ಮಧ್ಯಾಹ್ನ ಗೇಟಿಗೆ ಬೀಗ ಬೀಳುತ್ತದೆ. ಅಡುಗೆ ಮುಗಿಸಿದ ತಾಯಂದಿರಿಗೂ ಕೆಲಸದ ನಡುವೆ ನೆರಳು ಹುಡುಕುವ ಕೂಲಿಯವರಿಗೂ ಬಿಡುವು ಸಿಗುವುದು ಅದೇ ಹೊತ್ತಿನಲ್ಲಿ. ಎರಡು ಕೋಣೆಯ ಮನೆಯಲ್ಲಿ 8 ಮಂದಿ ಇರುವ ಕುಟುಂಬಕ್ಕೆ ಪಾರ್ಕಿನ ಅಗತ್ಯ ಎಲ್ಲರಿಗಿಂತ ಹೆಚ್ಚು. ಆದರೆ ಬಾಗಿಲು ಮುಚ್ಚಿಕೊಳ್ಳುವುದು ಅವರಿಗೇ.

ಪಾರ್ಕ್ ಸಾರ್ವಜನಿಕರ ಆಸ್ತಿ. ಸಂಘ ಅದರ ಕಾವಲುಗಾರನೇ ಹೊರತು ಮಾಲಕನಲ್ಲ. ಆದ್ದರಿಂದ ಸಮಿತಿಯಲ್ಲಿ ಮಹಿಳೆಯರು, ಬಾಡಿಗೆದಾರರು, ಪಕ್ಕದ ಗಲ್ಲಿಯವರು ಇರಲಿ. ಸಭೆಯನ್ನು ಮಹಿಳೆಯರಿಗೆ ಅನುಕೂಲವಾಗುವ ಹೊತ್ತಿಗೆ ಇಡಿ. ಎಲ್ಲಿ ದೀಪವಿಲ್ಲ, ಯಾವ ದಾರಿಯಲ್ಲಿ ಹೋಗಲು ಹೆದರಿಕೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಮಕ್ಕಳ ಆಟಕ್ಕೊಂದು ಮೂಲೆ, ಹಿರಿಯರ ನಡಿಗೆಗೊಂದು ದಾರಿ ಎಂದು ಜಾಗ ಹಂಚಿಕೊಂಡರೆ ಜಗಳಕ್ಕೆ ಎಡೆಯಿರದು.

ನಿಮ್ಮ ಬಡಾವಣೆಯಲ್ಲಿ ಸಂಘ ಈಗಾಗಲೇ ಇದ್ದರೆ ಮುಂದಿನ ಸಭೆಗೆ ಮನೆಯಿಂದ ಒಬ್ಬರಾದರೂ ಹೋಗಿ. ಇಲ್ಲದಿದ್ದರೆ ಈ ವಾರವೇ ನೆರೆಯ ನಾಲ್ಕು ಮನೆಯವರನ್ನು ಕರೆದುಕೊಂಡು ಪಾರ್ಕಿಗೆ ಒಂದು ಸುತ್ತು ಹಾಕಿ. ಎಲ್ಲಿ ನೀರು ನಿಂತಿದೆ, ಎಲ್ಲಿ ಕಸ ಸುಟ್ಟ ಗುರುತಿದೆ, ಯಾವ ದೀಪ ಉರಿಯುತ್ತಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಸಂಘದ ಮೊದಲ ಅರ್ಜಿಗೆ ಆ ಹಾಳೆಯೇ ಸಾಕು.