ತಲೆಸುತ್ತು: ಭಯವೂ ಬೇಡ, ಉದಾಸೀನವೂ ಬೇಡ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಹಳ್ಳಿಗಳಿಂದ ಆರೋಗ್ಯ ಕೇಂದ್ರಕ್ಕೆ ಬರುವವರಲ್ಲಿ “ಡಾಕ್ಟರೇ, ತಲೆ ತಿರುಗ್ತದೆ” ಎನ್ನುವವರು ಅನೇಕರು. ಕೆಲವರು ಇದನ್ನು ಪಿತ್ತವೆಂದು ತಿಳಿದು ಮನೆಮದ್ದಿನಲ್ಲೇ ತಿಂಗಳುಗಟ್ಟಲೆ ಕಳೆಯುವರು. ಕೆಲವರು ದೃಷ್ಟಿ ತಾಗಿತೆಂದು ನಿವಾಳಿಸುವರು. ಇನ್ನು ಕೆಲವರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ದೂರುವರು. ತಲೆಸುತ್ತು ಒಂದು ರೋಗವಲ್ಲ. ಅನೇಕ ಕಾರಣಗಳಿಂದ ತೋರುವ ಒಂದು ಲಕ್ಷಣ. ಕಾರಣವನ್ನು ಗುರುತಿಸಿದರೆ ಬಹುಮಟ್ಟಿಗೆ ಪರಿಹಾರ ಸಾಧ್ಯ.

ಒಂದು ನಿದರ್ಶನ

ಅಂಕೋಲಾ ಕಡೆಯ ದಂಪತಿಗಳು ಒಮ್ಮೆ ನನ್ನಲ್ಲಿಗೆ ಬಂದಿದ್ದರು. ಪತ್ನಿಗೆ ನಲವತ್ತು ಸಮೀಪಿಸಿತ್ತು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದೊಡನೆ ಮನೆಯೇ ಗಿರಗಿರನೆ ತಿರುಗಿದಂತಾಗಿ ವಾಂತಿ ಬರುತ್ತಿತ್ತು. ಒಂದು ಬೆಳಿಗ್ಗೆ ನೀರು ಸೇದಲು ಬಗ್ಗಿದಾಗ ಬಾವಿಕಟ್ಟೆಯ ಕಂಬ ಕೈಗೆ ಸಿಕ್ಕಿದ್ದರಿಂದ ಮಾತ್ರ ಬದುಕಿದರು. ಏಳು ವರ್ಷಗಳ ಹಿಂದೆ ಆಕೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿತ್ತು. “ಆಪರೇಷನ್ ಆದವರಿಗೆ ಹೀಗೇ” ಎಂದು ನೆರೆಹೊರೆಯವರು ಹೇಳಿದ್ದರು. “ಒಪ್ಪಿಸಿದ್ದು ನಾನೇ ಡಾಕ್ಟರೇ, ತಪ್ಪು ನನ್ನದೇ ಆಯ್ತು” ಎಂದು ಪತಿ ತಲೆ ತಗ್ಗಿಸಿದರು.

ತಪ್ಪು ಅವರದಾಗಿರಲಿಲ್ಲ. ಆ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುವುದು. ಅದಕ್ಕೂ ವರ್ಷಗಳ ನಂತರ ಬರುವ ಇಂಥ ತಲೆಸುತ್ತಿಗೂ ಸಂಬಂಧವಿಲ್ಲ. ಆಕೆಯ ತೊಂದರೆ ಇದ್ದದ್ದು ಕಿವಿಯೊಳಗೆ.

ಕಿವಿ ಮತ್ತು ಸಮತೋಲನ

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಪ್ರತಿ ಒಳಕಿವಿಯಲ್ಲಿಯೂ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಇವು ಮೆದುಳಿಗೆ ತಿಳಿಸುತ್ತವೆ. ಕಣ್ಣುಗಳೂ ಪಾದಗಳೂ ತಮ್ಮ ವರದಿಯನ್ನು ಕೊಡುತ್ತವೆ. ಮೂರೂ ವರದಿಗಳು ಹೊಂದಿದಾಗ ನಾವು ಸ್ಥಿರವಾಗಿರುವೆವು; ಹೊಂದದಿದ್ದಾಗ ತಲೆ ತಿರುಗುವುದು. ಅರಬೈಲ ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಕೆಲವರಿಗೆ ವಾಂತಿಯಾಗುವುದೂ ಇದರಿಂದಲೇ. ಕಣ್ಣು ಎದುರಿನ ಸೀಟನ್ನು ನೋಡಿ “ಚಲನೆಯಿಲ್ಲ” ಎನ್ನುವುದು. ಕಿವಿ “ತಿರುಗುತ್ತಿದ್ದೇವೆ” ಎನ್ನುವುದು.

ಈ ನಾಳಗಳ ಪಕ್ಕದ ಚೀಲದಲ್ಲಿ ಅತಿ ಸೂಕ್ಷ್ಮವಾದ ಹರಳುಗಳಿವೆ. ನಮ್ಮ ಕಡಲತೀರದ ಚಿಪ್ಪುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೋನೇಟೇ ಇವುಗಳಲ್ಲಿಯೂ ಇದೆ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಕೆಲವು ಹರಳುಗಳು ಕಳಚಿ ನಾಳದೊಳಗೆ ಸೇರಬಹುದು. ಆಗ ಹೊರಳಿದಾಗ, ಬಗ್ಗಿದಾಗ, ಮೇಲೆ ನೋಡಿದಾಗ ಸಾಮಾನ್ಯವಾಗಿ ಒಂದು ನಿಮಿಷಕ್ಕಿಂತ ಕಡಿಮೆ ಅವಧಿಯ ತೀವ್ರ ಸುತ್ತು ಬರುವುದು.

ಪರೀಕ್ಷೆ ಮತ್ತು ಚಿಕಿತ್ಸೆ

ಇದನ್ನು ಪತ್ತೆಹಚ್ಚಲು ಯಂತ್ರ ಬೇಕಿಲ್ಲ. ಒಂದು ಮಂಚ ಸಾಕು. ರೋಗಿಯ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬೇಗನೆ ಮಲಗಿಸಿದಾಗ ಕಣ್ಣುಗುಡ್ಡೆಗಳು ತಾವಾಗಿಯೇ ಅದುರಿದರೆ ಯಾವ ಕಿವಿಯ ದೋಷವೆಂದು ತಿಳಿಯುವುದು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲಿ ಈ ಪರೀಕ್ಷೆಯನ್ನು ವಿವರಿಸಿದರು. ಬಳಿಕ ತಲೆಯನ್ನೂ ದೇಹವನ್ನೂ ಹಂತಹಂತವಾಗಿ ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಪ್ರತಿ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಕೊನೆಗೆ ಕೂರಿಸಿದರೆ ಹರಳುಗಳು ನಾಳದಿಂದ ಹೊರಬೀಳುವುವು. ಅಮೆರಿಕದ ಡಾ. ಎಪ್ಲಿಯವರು 1992ರಲ್ಲಿ ಪ್ರಕಟಿಸಿದ ವಿಧಾನವಿದು. ಮೇಲೆ ಹೇಳಿದ ತಾಯಿಗೆ ಎರಡು ಸಲ ಹೀಗೆ ಮಾಡಿದ ಮೇಲೆ ಸುತ್ತು ನಿಂತಿತು. ಇದು ಮರುಕಳಿಸಬಹುದು, ಆಗ ಮತ್ತೆ ಮಾಡಿಸಬೇಕು. ಕುತ್ತಿಗೆ ಅಥವಾ ಬೆನ್ನಿನ ತೊಂದರೆಯಿದ್ದವರು ಮೊದಲೇ ತಿಳಿಸಬೇಕು. ನೋಡಿ ಕಲಿಯದೆ ಮನೆಯಲ್ಲಿ ಪ್ರಯತ್ನಿಸಕೂಡದು.

ಇತರ ಕಾರಣಗಳು

ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟಿದರೆ ರಕ್ತದೊತ್ತಡ ಇಳಿದಿರಬಹುದು. ಬಿಸಿಲಿನಲ್ಲಿ ದುಡಿದು ನೀರು ಕುಡಿಯದಿರುವುದು, ರಕ್ತದೊತ್ತಡದ ಮಾತ್ರೆ ಹೆಚ್ಚಾಗಿರುವುದು ಇದಕ್ಕೆ ಕಾರಣವಾಗಬಹುದು. ಆಯಾಸ, ಏದುಸಿರು, ಬಿಳಿಚಿದ ನಾಲಿಗೆ ಇದ್ದರೆ ರಕ್ತಹೀನತೆಯನ್ನು ಶಂಕಿಸಬೇಕು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿರಕೂಡದು. ಕಬ್ಬಿಣಾಂಶದ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಸುತ್ತಿನೊಡನೆ ಕಿವಿಯಲ್ಲಿ ಮೊರೆತ ಹಾಗೂ ಕಿವುಡು ಇದ್ದರೆ ಕಿವಿ ತಜ್ಞರ ಪರೀಕ್ಷೆ ಅಗತ್ಯ. ಶೀತಜ್ವರದ ನಂತರ ಸುತ್ತು ದಿನಗಟ್ಟಲೆ ನಿಲ್ಲದಿದ್ದರೆ ಒಳಕಿವಿಯ ನರಕ್ಕೆ ಊತ ಬಂದಿರಬಹುದು. ಅದನ್ನೂ ವೈದ್ಯರು ಪರೀಕ್ಷಿಸಬೇಕು.

ವ್ಯಾಯಾಮವೇ ಔಷಧಿ

ನರದ ದೋಷದಿಂದ ಉಳಿದ ತೂರಾಟಕ್ಕೆ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಯಕ್ಷಗಾನದ ಕಲಾವಿದರು ಮಂಡಿಯೂರಿ ಸುತ್ತಿದರೂ ತೂರಾಡುವುದಿಲ್ಲ. ಮೊದಲ ದಿನ ದೋಣಿಯಲ್ಲಿ ವಾಂತಿ ಮಾಡಿಕೊಂಡ ಹುಡುಗನೇ ಮುಂದೆ ನುರಿತ ಮೀನುಗಾರನಾಗುವನು. ಅಭ್ಯಾಸದಿಂದ ಮೆದುಳು ಹೊಂದಿಕೊಳ್ಳುವುದು. ಇಂಗ್ಲೆಂಡಿನ ವೈದ್ಯರಾದ ಕಾಥಾರ್ನ್ ಮತ್ತು ಕುಕ್ಸಿ 1940ರ ದಶಕದಲ್ಲಿ ಇದೇ ತತ್ವದ ಮೇಲೆ ವ್ಯಾಯಾಮಕ್ರಮವನ್ನು ರೂಪಿಸಿದರು. ವೈದ್ಯರು ಸೂಚಿಸಿದರೆ ದಿನಕ್ಕೆ ಎರಡು ಮೂರು ಬಾರಿ ಹೀಗೆ ಮಾಡಿರಿ:

1. ಕುಳಿತು, ತಲೆ ಅಲುಗಿಸದೆ, ಕಣ್ಣುಗಳನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹೊರಳಿಸಿರಿ.
2. ಚಾಚಿದ ಕೈಯ ಹೆಬ್ಬೆರಳನ್ನೇ ನೋಡುತ್ತ ತಲೆಯನ್ನು ಎಡಬಲಕ್ಕೆ ತಿರುಗಿಸಿರಿ.
3. ಕುಳಿತಲ್ಲಿಂದ ಬಗ್ಗಿ ನೆಲದ ಮೇಲಿನ ವಸ್ತುವನ್ನು ಎತ್ತಿರಿ.
4. ಕಣ್ಣು ತೆರೆದು, ರೂಢಿಯಾದ ಮೇಲೆ ಕಣ್ಣು ಮುಚ್ಚಿ, ಕುಳಿತು ಏಳಿರಿ.
5. ಅಂಗಳದಲ್ಲಿ ತಲೆ ತಿರುಗಿಸುತ್ತ ನಡೆಯಿರಿ.

ಮೊದಮೊದಲು ಸುತ್ತು ತುಸು ಹೆಚ್ಚಾದಂತೆ ತೋರುವುದು ಸಹಜ; ಅದಕ್ಕೆ ಅಂಜಿ ಬಿಡಬಾರದು. ಕೊನೆಯ ಎರಡನ್ನು ಮಾಡುವಾಗ ಪತಿ ಅಥವಾ ಪತ್ನಿ ಕೈಗೆಟುಕುವಂತೆ ನಿಂತಿರಬೇಕು. ಸುತ್ತು ತಡೆಯುವ ಮಾತ್ರೆಗಳು ಕೆಲವೇ ದಿನಗಳಿಗೆ ಮಾತ್ರ. ದೀರ್ಘಕಾಲ ನುಂಗಿದರೆ ಮೆದುಳು ಹೊಂದಿಕೊಳ್ಳುವುದು ತಡವಾಗುವುದು. ಗುಣವಾಗುವ ತನಕ ಮರ ಹತ್ತುವುದು, ಒಬ್ಬರೇ ದೋಣಿಯಲ್ಲಿ ಹೋಗುವುದು, ಬಾವಿಗೆ ಬಗ್ಗುವುದು, ವಾಹನ ನಡೆಸುವುದು ಕೂಡದು.

ತಡಮಾಡದಿರಿ

ತಲೆಸುತ್ತಿನೊಡನೆ ಬಾಯಿ ಸೊಟ್ಟಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಆಧಾರವಿಲ್ಲದೆ ನಿಲ್ಲಲಾಗದಿರುವುದು, ಹಠಾತ್ತಾದ ತೀವ್ರ ತಲೆನೋವು, ಎದೆನೋವು ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಕೂಡಲೇ 108ಕ್ಕೆ ಕರೆಮಾಡಿರಿ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುವುದು.

ಮುಟ್ಟು ತಪ್ಪಿದ ಸ್ತ್ರೀಗೆ ಕಿಬ್ಬೊಟ್ಟೆ ನೋವು ಮತ್ತು ತಲೆಸುತ್ತು ಬಂದರೆ ಗರ್ಭವು ಗರ್ಭಕೋಶದ ಹೊರಗೆ ನಿಂತು ರಕ್ತಸ್ರಾವವಾಗುತ್ತಿರಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯಾದವರಲ್ಲಿಯೂ ಅಪರೂಪಕ್ಕೆ ಹೀಗಾಗುವುದುಂಟು. ಗರ್ಭಿಣಿಗೆ ತಲೆನೋವು, ಕಣ್ಣು ಮಂಜಾಗುವುದು, ಮುಖದಲ್ಲಿ ಊತ ಇದ್ದರೆ ಅದೇ ದಿನ ರಕ್ತದೊತ್ತಡ ನೋಡಿಸಿರಿ.

ಆಸ್ಪತ್ರೆಗೆ ಬರುವಾಗ ದಂಪತಿಗಳು ಜೊತೆಯಾಗಿ ಬನ್ನಿರಿ. ಸುತ್ತು ಯಾವಾಗ ಬರುವುದು, ಎಷ್ಟು ಹೊತ್ತು ಇರುವುದು, ಯಾವ ಮಾತ್ರೆಗಳನ್ನು ಸೇವಿಸುತ್ತಿರುವಿರಿ ಎಂಬುದನ್ನು ತಿಳಿಸಿರಿ. ಆ ತಾಯಿಯನ್ನು ಬಾವಿಕಟ್ಟೆಯ ಕಂಬ ಉಳಿಸಿತು. ಎಲ್ಲರ ಕೈಗೂ ಕಂಬ ಸಿಕ್ಕೀತೆಂದು ಹೇಳಲಾಗದು.