ಜಾಲಿ ಕೀಳುವ ಮುನ್ನ

ನಾನು ಪುಣೆಗೆ ಬಂದು ಒಂಬತ್ತು ವರ್ಷ. ಅಪ್ಪನಿಗೆ ಕೈಲಾಗದಾಯಿತು, ಕುಷ್ಟಗಿ ಬಳಿಯ ನಾಲ್ಕು ಎಕರೆ ಹೊಲವನ್ನು ಬಳ್ಳಾರಿ ಜಾಲಿ ನುಂಗಿತು. ಈ ಬೇಸಿಗೆಯಲ್ಲಿ ಫೋನಿನಲ್ಲೇ ಬುಲ್ಡೋಜರ್ ಗೊತ್ತು ಮಾಡಿದೆ. ಒಂದೇ ದಿನದ ಕೆಲಸ ಎಂಬ ಲೆಕ್ಕ. ಅಪ್ಪ ತಡೆದರು: "ಮ್ಯಾಲಿನ ಮಣ್ಣು ಬದುವಿಗೆ ಹೋದ್ರ ಬಿತ್ತೋದು ಎಲ್ಲೋ?"

ಮಾತು ನಿಜ. ಬುಲ್ಡೋಜರ್ ಗಿಡದ ಜೊತೆ ಮೇಲ್ಮಣ್ಣನ್ನೂ ತಳ್ಳಿಬಿಡುತ್ತದೆ. ಟ್ರ್ಯಾಕ್ಟರಿನ ರೋಟವೇಟರ್ ಹುಲ್ಲು, ಕಳೆಗೆ ಸರಿ. ಬೊಡ್ಡೆಗೆ ಸಿಕ್ಕರೆ ಅದರ ಬ್ಲೇಡೇ ಮುರಿದೀತು. ಜಾಲಿಯನ್ನು ಬರೀ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ; ಬೇರುಸಹಿತ ಕೀಳಬೇಕು. ಅದಕ್ಕೆ ಜೆಸಿಬಿಯ ಹಿಂದಿನ ಬಕೆಟ್ ಸಾಕು. ಬೊಡ್ಡೆ ತೀರಾ ದಪ್ಪವಿದ್ದರೆ, ನೆಲ ಹಸಿಯಿದ್ದರೆ ಚೈನಿನ ಮೇಲೆ ಓಡುವ ಹಿಟಾಚಿ ಬೇಕು. ಆದರೆ ಅದನ್ನು ಲಾರಿಯಲ್ಲಿ ತರಿಸುವ ಖರ್ಚು ಬೇರೆ.

ಜೆಸಿಬಿ ಹೇಳಿ, ರಜೆ ಹಾಕಿ ಹೋದೆ. ಬಾಡಿಗೆ ಗಂಟೆ ಲೆಕ್ಕದ್ದು. ಮುಂದೆ ನಿಲ್ಲದಿದ್ದರೆ ಕೆಲಸ ಎಳೆಯುತ್ತದೆ. ಅಪ್ಪ ಮೊದಲು ಬದು, ಗಡಿಕಲ್ಲು ತೋರಿಸಿದರು. ಚಾಲಕ ಒಂದೊಂದೇ ಬೊಡ್ಡೆ ಎತ್ತಿ, ಮಣ್ಣು ಕೊಡವಿ ಪಕ್ಕಕ್ಕಿಟ್ಟ. ಮೂರು ದಿನ ಹಿಡಿಯಿತು.

ಮಣ್ಣಲ್ಲಿ ಬೀಜ ಇನ್ನೂ ಇದೆ. ಮಳೆ ಬಿದ್ದೊಡನೆ ಏಳುವ ಸಸಿಗಳನ್ನು ಕೈಯಲ್ಲೇ ಕೀಳಬೇಕು. ಅದನ್ನು ಫೋನಿನಲ್ಲಿ ಗೊತ್ತು ಮಾಡಲಾಗದು; ಜುಲೈಗೆ ಟಿಕೆಟ್ ಕಾಯ್ದಿರಿಸಿದ್ದೇನೆ.