ತಾರಸಿ ನೀರಿಗೆ 3 ಇಂಚಿನ ಒಂದೇ ಪೈಪು ಸಾಕಾ? ಲೆಕ್ಕ ಇಲ್ಲಿದೆ

ಟೈಲ್ಸ್ ಆರಿಸೋಕೆ ನಾಲ್ಕು ಅಂಗಡಿ ಸುತ್ತುತ್ತೇವೆ. ತಾರಸಿಯ ಮಳೆನೀರು ಇಳಿಸೋ ಪೈಪಿಗೆ ಮಾತ್ರ ಮೇಸ್ತ್ರಿ ಹೇಳಿದ್ದೇ ಅಂತಿಮ. ಆದರೆ ಇದಕ್ಕೂ ಒಂದು ಲೆಕ್ಕ ಇದೆ. ಬಿಐಎಸ್ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದು ಸಿಗುತ್ತದೆ. 1970ರಲ್ಲಿ ಬಂದ ಈ ಸಂಹಿತೆ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಯಾಗಿದೆ.

ಲೆಕ್ಕ ಹೇಗೆ?

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಗಂಟೆಗೆ 100 ಮಿ.ಮೀ. ವೇಗದಲ್ಲಿ ಮಳೆ ಹೊಡೆದರೆ ನಿಮಿಷಕ್ಕೆ 155 ಲೀಟರ್, ಹೆಚ್ಚುಕಮ್ಮಿ ಹತ್ತು ಕೊಡ ನೀರು ಇಳಿಯಬೇಕು. ಗಂಟೆಗಟ್ಟಲೆ ಸುರಿಯಲೇಬೇಕು ಅಂತಿಲ್ಲ, ಹತ್ತು ನಿಮಿಷದ ಗುಡುಗು ಮಳೆಯಲ್ಲೂ ಈ ವೇಗ ಬರಬಹುದು.

ಈ ವೇಗದ ಮಳೆಗೆ ಸಂಹಿತೆಯ ಪಟ್ಟಿ ಪ್ರಕಾರ:

- 3 ಇಂಚಿನ (75 ಮಿ.ಮೀ.) ಒಂದು ಪೈಪು: 20.4 ಚದರ ಮೀಟರ್, ಅಂದರೆ ಸುಮಾರು 220 ಚದರಡಿ
- 4 ಇಂಚಿನ (100 ಮಿ.ಮೀ.) ಒಂದು ಪೈಪು: 42.7 ಚದರ ಮೀಟರ್, ಅಂದರೆ ಸುಮಾರು 460 ಚದರಡಿ

ಒಂದೇ ಇಂಚು ಹೆಚ್ಚಾದರೂ ಎರಡರಷ್ಟು ಜಾಗದ ನೀರು ಇಳಿಯುತ್ತದೆ. 1,000 ಚದರಡಿಗೆ 3 ಇಂಚಿನವು ಐದು ಬೇಕು, 4 ಇಂಚಿನವಾದರೆ ಮೂರು.

ಕಡಿಮೆಯಾದರೆ ಏನಾಗುತ್ತೆ?

ಅಷ್ಟೇ ತಾರಸಿಯಲ್ಲಿ 5 ಸೆಂ.ಮೀ. ನೀರು ನಿಂತರೆ ಸುಮಾರು 4.6 ಟನ್ ಭಾರ. ಪದೇ ಪದೇ ನೀರು ನಿಂತರೆ ಸ್ಲ್ಯಾಬ್ ಸೋರುತ್ತೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತೆ. ಕೆಳಗೆ ಅಂಗಡಿ ಇದ್ದರೆ ಗೋದಾಮಿನ ಮಾಲೂ ಹೋಯ್ತು.

ಅಂಗಡಿಯವರು ಇನ್ನೊಂದು ಗಮನಿಸಿ. ತಾರಸಿಗೆ ಶೀಟು ಹಾಕಿಸಿದಾಗ ನಾಲ್ಕು ಕಡೆ ಹಂಚಿ ಹೋಗ್ತಿದ್ದ ನೀರೆಲ್ಲ ಇಳಿಜಾರಿನ ಒಂದೇ ಕಡೆ ಬರುತ್ತೆ. ಆ ಕಡೆಯ ಹಳೇ ಪೈಪು ತಡೆಯಲ್ಲ.

ಯುಜಿಡಿಗೆ ಬಿಡಬೇಡಿ

ಮಳೆನೀರಿನ ಪೈಪನ್ನು ಶೌಚಾಲಯದ ಪೈಪಿಗೆ ಜೋಡಿಸಬಾರದು ಅನ್ನುತ್ತದೆ ಸಂಹಿತೆ. ಜೋಡಿಸಿದರೆ ಜೋರು ಮಳೆಗೆ ಮ್ಯಾನ್‌ಹೋಲ್ ಉಕ್ಕಿ, ತಗ್ಗಿನ ಮನೆಗಳ ಶೌಚಾಲಯದಲ್ಲಿ ನೀರು ವಾಪಸ್ ಬರುತ್ತೆ. ಮಳೆನೀರನ್ನು ಇಂಗುಗುಂಡಿಗೆ ಅಥವಾ ಮಳೆನೀರು ಚರಂಡಿಗೇ ಬಿಡಿ.

ಸಂಹಿತೆ ತಾನಾಗಿಯೇ ಕಾನೂನಲ್ಲ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಬೈಲಾದಲ್ಲಿ ಸೇರಿಸಿಕೊಂಡಾಗ ಮಾತ್ರ ಕಡ್ಡಾಯ. ಹಾಗಾಗಿ ಪ್ಲಾನ್ ಮಂಜೂರಾತಿಗೆ ಹೋದಾಗಲೇ ಪುರಸಭೆಯಲ್ಲಿ ಕೇಳಿಕೊಳ್ಳಿ. ಕಡ್ಡಾಯ ಇರಲಿ ಬಿಡಲಿ, ಸ್ಲ್ಯಾಬ್ ಹಾಕೋ ಮೊದಲು ಎರಡು ಪೈಪು ಜಾಸ್ತಿ ಇಡೋದು ಸುಲಭ. ಆಮೇಲೆ ಪ್ಯಾರಾಪೆಟ್ ಒಡೆಸೋದು ದುಬಾರಿ.